ಹೊಸ ಗಾಡಿಯೋ, ಸೆಕೆಂಡ್ ಹ್ಯಾಂಡೋ?



ಹಪ್ಪಳ ಸಂಡಿಗೆಯ ವಿಷಯ ಮುಂದಿನ ಸಂಚಿಕೆಗೆ ಇರಲಿ. ಈ ಸಲ ತಿಪಟೂರು ಕಡೆಯ ಸೋದರಿಯೊಬ್ಬರ ಕಾಗದವನ್ನು ಮುಂದಿಟ್ಟುಕೊಂಡು ಕೂತಿದ್ದೇನೆ. ಅವರ ಮನೆಯವರದು ದಿನಸಿ ಅಂಗಡಿ. ಮಗಳು ಈ ವರ್ಷ ದ್ವಿತೀಯ ಪಿಯುಸಿ, ಮಗ ಏಳನೆಯ ತರಗತಿ. ಅತ್ತೆಯವರಿಗೆ ಮಂಡಿನೋವು; ಈಗಿರುವ ಸಣ್ಣ ಕಾರಿನಲ್ಲಿ ಕೂತರೆ ಎಬ್ಬಿಸಲು ಇಬ್ಬರು ಬೇಕಂತೆ. ಹಾಗಾಗಿ ಎತ್ತರದ ಗಾಡಿ, ಅಂದರೆ ಈಗ ಎಲ್ಲರ ಬಾಯಲ್ಲೂ ಇರುವ ಕಾಂಪ್ಯಾಕ್ಟ್ ಎಸ್‌ಯುವಿ, ತರೋಣವೆಂದು ಮಾತಾಗಿದೆ. ಯಜಮಾನರಿಗೆ ಶೋರೂಂ ಗಾಡಿಯೇ ಬೇಕು. ಏಳು ವರ್ಷದ ಸಾಲ. ಮುಂಗಡಕ್ಕೆ ಇವರ ಎರಡೆಳೆ ಸರ ಅಡ. "ಸೆಕೆಂಡ್ ಹ್ಯಾಂಡ್ ತಂದರೆ ನೆಂಟರ ಮುಂದೆ ಮುಖ ತೋರಿಸೋದು ಹೇಗೆ ಅಂತಾರೆ. ನೀವೇನಂತೀರಿ?" ಎಂದು ಕೇಳಿದ್ದಾರೆ.

ನಾನೇನೂ ಗಾಡಿ ಬಲ್ಲವಳಲ್ಲ. ಹೈಸ್ಕೂಲು ಓದಿ ಇಪ್ಪತ್ತೆರಡು ವರ್ಷ ಮನೆಯ ಲೆಕ್ಕ ಬರೆದವಳು. ಆದರೆ ನಮ್ಮ ಮನೆಗೂ ಮೂರು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಗಾಡಿಯೇ ಬಂತು. ಅದಕ್ಕಾಗಿ ನಾಲ್ಕು ತಿಂಗಳು ಅಲೆದಾಗ ನಮ್ಮ ಗ್ಯಾರೇಜಿನ ಮೇಸ್ತ್ರಿ ಹೇಳಿಕೊಟ್ಟದ್ದು, ಆರ್‌ಟಿಓ ಕಚೇರಿಯ ಬೆಂಚಿನ ಮೇಲೆ ಕೂತು ತಿಳಿದದ್ದು ಎಲ್ಲವೂ ನೆನಪಿದೆ. ನೆಂಟರ ಮಾತು ಹಾಗಿರಲಿ, ಅವರು ಕಂತು ಕಟ್ಟುವುದಿಲ್ಲವಲ್ಲ. ನಾವು ಲೆಕ್ಕ ನೋಡೋಣ.

ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಇರುವುದು ಎಕ್ಸ್ ಶೋರೂಂ ಬೆಲೆ. ಅಷ್ಟಕ್ಕೇ ಗಾಡಿ ಮನೆಗೆ ಬರುವುದಿಲ್ಲ. ನಮ್ಮ ಕರ್ನಾಟಕದಲ್ಲಿ ಗಾಡಿಗೆ ಆಜೀವ ತೆರಿಗೆ ಜಾಸ್ತಿ: 5 ಲಕ್ಷದಿಂದ 10 ಲಕ್ಷದವರೆಗಿನ ಗಾಡಿಗೆ ನೂರಕ್ಕೆ 14, ಹತ್ತು ದಾಟಿದರೆ ನೂರಕ್ಕೆ 17. ಅದರ ಮೇಲೆ ಸೆಸ್ ಬೇರೆ. 9 ಲಕ್ಷ 90 ಸಾವಿರದ ಗಾಡಿಗೆ ತೆರಿಗೆ 1,38,600 ರೂಪಾಯಿ. ಅದೇ 10 ಲಕ್ಷ 20 ಸಾವಿರದ್ದಕ್ಕೆ 1,73,400. "ಇನ್ನು ಮೂವತ್ತೇ ಸಾವಿರ ಹಾಕಿ ಮೇಡಂ, ಸನ್‌ರೂಫ್ ಬರುತ್ತೆ" ಎಂದು ಶೋರೂಮಿನ ಹುಡುಗ ಹೇಳಿದಾಗ ಈ ಇನ್ನೊಂದು ಮೂವತ್ತೈದು ಸಾವಿರ ಅವನ ಬಾಯಿಂದ ಬರುವುದಿಲ್ಲ. ಹೇಗೂ ಸನ್‌ರೂಫ್ ನಮಗೇಕೆ? ಮಕ್ಕಳು ಅದರಲ್ಲಿ ತಲೆ ಹೊರಗೆ ಹಾಕಿ ನಿಂತಿರುವುದನ್ನು ಹೈವೇಯಲ್ಲಿ ನೋಡಿದರೆ ನನ್ನ ಎದೆ ಝಲ್ಲೆನ್ನುತ್ತದೆ.

ಇನ್ನು ಸಾಲ. 8 ಲಕ್ಷಕ್ಕೆ ನೂರಕ್ಕೆ 9ರ ಬಡ್ಡಿಯಲ್ಲಿ ಏಳು ವರ್ಷವಾದರೆ ತಿಂಗಳ ಕಂತು ಸುಮಾರು 12,870. ಅಯ್ಯೋ ಅಷ್ಟೇನಾ ಅನಿಸುತ್ತದೆ. ಆದರೆ ಕೊನೆಗೆ ಬಡ್ಡಿಯೇ 2 ಲಕ್ಷ 81 ಸಾವಿರ ಕಟ್ಟಿರುತ್ತೀರಿ. ಅದೇ ಸಾಲವನ್ನು ಐದು ವರ್ಷಕ್ಕೆ ಮುಗಿಸಿದರೆ ಕಂತು 16,600, ಬಡ್ಡಿ 1 ಲಕ್ಷ 96 ಸಾವಿರ. ಈ ಎಂಬತ್ತೈದು ಸಾವಿರದ ವ್ಯತ್ಯಾಸ ಮಗಳ ಕಾಲೇಜಿನ ಹಣವಲ್ಲವೇ? ಮಗಳು ಮುಂದಿನ ವರ್ಷ ಕಾಲೇಜು ಸೇರುವವಳು. ಏಳು ವರ್ಷವೆಂದರೆ ಅವಳ ಓದು ಮುಗಿದು, ಮಗನ ಓದು ನಡುವಿಗೆ ಬರುವವರೆಗೂ ಈ ಕಂತು ನಿಮ್ಮ ಹಿಂದೆಯೇ ಇರುತ್ತದೆ. ಅದರ ಜೊತೆಗೆ ಸರ ಬಿಡಿಸುವ ಬಡ್ಡಿ ಬೇರೆ.

ಅತ್ತ ಗಾಡಿಯ ಬೆಲೆ ಇಳಿಯುತ್ತಲೇ ಇರುತ್ತದೆ. ವಿಮೆಯವರು ಬೆಲೆ ಕಟ್ಟುವ ಪದ್ಧತಿ ನೋಡಿ: ಒಂದು ವರ್ಷ ದಾಟಿದರೆ ನೂರಕ್ಕೆ 20 ಕಳೆಯುತ್ತಾರೆ, ಎರಡು ದಾಟಿದರೆ 30, ಮೂರು ದಾಟಿದರೆ 40, ನಾಲ್ಕು ದಾಟಿದರೆ ಅರ್ಧ. ಮಾರುಕಟ್ಟೆಯಲ್ಲಿ ಇದು ಆಚೀಚೆ ಆಗುತ್ತದೆ, ಹೆಸರು ಮಾಡಿದ ಗಾಡಿಗೆ ಹೆಚ್ಚೇ ಕೇಳುತ್ತಾರೆ. ಆದರೂ ಮೊದಲ ಮೂರು ನಾಲ್ಕು ವರ್ಷದ ಆ ದೊಡ್ಡ ಇಳಿತವನ್ನು ಬೇರೆಯವರು ಹೊತ್ತುಬಿಟ್ಟಿರುತ್ತಾರೆ. ಕರ್ನಾಟಕದಲ್ಲೇ ನೋಂದಾಯಿಸಿದ ಗಾಡಿಯಾದರೆ ಆಜೀವ ತೆರಿಗೆಯನ್ನೂ ಅವರೇ ಕಟ್ಟಿರುತ್ತಾರೆ, ನಾವು ಮತ್ತೆ ಕಟ್ಟಬೇಕಿಲ್ಲ. ಬೇರೆ ರಾಜ್ಯದ ನಂಬರಾದರೆ ಆ ರಾಜ್ಯದ ನಿರಾಕ್ಷೇಪಣಾ ಪತ್ರವೂ ಬೇಕು, ಇಲ್ಲಿ ತೆರಿಗೆಯೂ ಕಟ್ಟಬೇಕು. ಅಗ್ಗವೆಂದು ಆಸೆಪಡಬೇಡಿ.

ಅದಕ್ಕೇ ನನ್ನ ಮಾತು: ಸರ ಬೀರುವಿನಲ್ಲೇ ಇರಲಿ, ಮೂರು ನಾಲ್ಕು ವರ್ಷದ ಗಾಡಿ ನೋಡಿ. ಕೈಯಲ್ಲಿ ದುಡ್ಡಿದ್ದವರು, ವ್ಯಾಪಾರಕ್ಕಾಗಿ ದಿನಾ ನೂರಾರು ಕಿಲೋಮೀಟರು ಓಡುವವರು ಹೊಸದನ್ನೇ ತರಲಿ, ಬೇಡ ಅನ್ನುವುದಿಲ್ಲ. ಸೆಕೆಂಡ್ ಹ್ಯಾಂಡ್ ಗಾಡಿಯ ಸಾಲಕ್ಕೆ ಬಡ್ಡಿ ಹೊಸದಕ್ಕಿಂತ ಹೆಚ್ಚಿರುತ್ತದೆ ಎನ್ನುವುದೂ ನೆನಪಿರಲಿ. ಸಾಲ ಸಣ್ಣದಾದಷ್ಟೂ ಒಳ್ಳೆಯದು.

ಚೌಕಾಸಿ ಮಾಡುವಾಗ ಒಂದು ವಿಷಯ. 2025ರ ಸೆಪ್ಟೆಂಬರ್ 22ರಿಂದ ಚಿಕ್ಕ ಗಾಡಿಗಳ ಜಿಎಸ್‌ಟಿ ಇಳಿದಿದೆ. ನಾಲ್ಕು ಮೀಟರಿಗಿಂತ ಕಡಿಮೆ ಉದ್ದದ, 1200 ಸಿಸಿ ಒಳಗಿನ ಪೆಟ್ರೋಲ್ ಗಾಡಿಗೆ ಮುಂಚೆ ಸೆಸ್ ಸೇರಿ ನೂರಕ್ಕೆ 29 ಇತ್ತು, ಈಗ 18. ನೆಕ್ಸಾನ್, ವೆನ್ಯೂ, ಸೋನೆಟ್, ಮ್ಯಾಗ್ನೈಟ್ ಎಲ್ಲ ನಾಲ್ಕು ಮೀಟರಿನೊಳಗೆ ಇರುವುದು ಈ ತೆರಿಗೆಯ ಲೆಕ್ಕದಿಂದಲೇ. ಮಾರುವವರು "ನಾನು ಇಷ್ಟು ಕೊಟ್ಟು ತಂದಿದ್ದೆ" ಎಂದು ತಮ್ಮ ಹಳೆಯ ಬಿಲ್ಲು ತೋರಿಸಿದರೆ, ನೀವು ಇವತ್ತಿನ ಹೊಸ ಗಾಡಿಯ ಬೆಲೆ ಹೇಳಿ. ಅಲ್ಲಿಂದ ಕೆಳಗೆ ಮಾತಾಡಿ.

ಯಾವ ವರ್ಷದ ಗಾಡಿ? ಅಪಘಾತದಲ್ಲಿ ಕಾಪಾಡುವ ಗಾಳಿಚೀಲ, ಏರ್‌ಬ್ಯಾಗ್ ಅಂತಾರಲ್ಲ, ಅದು ಮುಂದಿನ ಎರಡೂ ಸೀಟಿಗೆ ಎಲ್ಲ ಹೊಸ ಕಾರುಗಳಲ್ಲಿ ಕಡ್ಡಾಯವಾದದ್ದು 2021ರ ಕೊನೆಗೆ. ಆದ್ದರಿಂದ 2022ರ ಈಚಿನದಾದರೆ ನೆಮ್ಮದಿ. ಗುದ್ದಿಸಿ ನೋಡುವ ಪರೀಕ್ಷೆಯಲ್ಲಿ 2018ರಲ್ಲಿ ನೆಕ್ಸಾನ್ ಐದು ನಕ್ಷತ್ರ ಪಡೆದ ಮೇಲೆ ನಮ್ಮವರಿಗೂ ನಕ್ಷತ್ರ ಕೇಳುವ ಅಭ್ಯಾಸ ಬಂತು, ಒಳ್ಳೆಯದೇ. 2023ರ ಅಕ್ಟೋಬರಿನಿಂದ ಭಾರತ್ ಎನ್‌ಕ್ಯಾಪ್ ಎಂಬ ನಮ್ಮದೇ ಪರೀಕ್ಷೆ ಇದೆ. ಈಚಿನ ಪರೀಕ್ಷೆಗಳು ಹಳೆಯದಕ್ಕಿಂತ ಬಿಗಿ. ಹಾಗಾಗಿ ಎಷ್ಟು ನಕ್ಷತ್ರ ಎನ್ನುವುದರ ಜೊತೆಗೆ ಯಾವ ವರ್ಷ ಸಿಕ್ಕಿದ್ದು ಎಂದೂ ಕೇಳಿ.

ಡೀಸೆಲ್ ಬೇಡ ಎಂದೇ ನನ್ನ ಅಭಿಪ್ರಾಯ. 2020ರ ಏಪ್ರಿಲ್ ನಂತರದ ಡೀಸೆಲ್ ಗಾಡಿಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಜಾಲರಿ ಇರುತ್ತದೆ. ಅದರ ಮಸಿ ತಾನೇ ಸುಟ್ಟುಹೋಗಲು ಗಾಡಿ ಆಗಾಗ ಹೈವೇಯಲ್ಲಿ ಬಿಸಿಯಾಗಿ ಓಡಬೇಕು. ಮನೆಯಿಂದ ಶಾಲೆ, ಶಾಲೆಯಿಂದ ತರಕಾರಿ ಸಂತೆ ಎಂದು ಎರಡೆರಡು ಕಿಲೋಮೀಟರು ಓಡಿಸಿದರೆ ಜಾಲರಿ ಕಟ್ಟಿಕೊಳ್ಳುತ್ತದೆ, ರಿಪೇರಿ ದುಬಾರಿ. ಪೆಟ್ರೋಲಿಗೂ ಒಂದು ಮಾತಿದೆ: ಈಗ ಬಂಕಿನಲ್ಲಿ ಸಿಗುವುದು ನೂರಕ್ಕೆ 20 ಪಾಲು ಎಥನಾಲ್ ಬೆರೆತದ್ದು. 2023ರ ಏಪ್ರಿಲಿಗಿಂತ ಹಿಂದಿನ ಗಾಡಿಯಾದರೆ ಅದರ ಪುಸ್ತಕದಲ್ಲಿ ಎಷ್ಟು ಎಥನಾಲ್ ತಡೆಯುತ್ತದೆ ಎಂದು ಬರೆದಿರುವುದನ್ನು ನೋಡಿ, ರಬ್ಬರು ಪೈಪುಗಳನ್ನು ಮೇಸ್ತ್ರಿಗೆ ತೋರಿಸಿ. ಮತ್ತೆ, ಕೊಳ್ಳುವ ಕಂಪನಿಯ ಸರ್ವಿಸ್ ಸೆಂಟರ್ ನಿಮ್ಮ ಊರಿನ ಹತ್ತಿರ ಇದೆಯೇ? ಫೋರ್ಡ್ ಕಂಪನಿ 2021ರಲ್ಲಿ ನಮ್ಮ ದೇಶದ ಮಾರಾಟಕ್ಕೆ ಕಾರು ತಯಾರಿಸುವುದನ್ನು ನಿಲ್ಲಿಸಿತು. ಅದರ ಇಕೋಸ್ಪೋರ್ಟ್ ಅಗ್ಗವಾಗಿ ಸಿಗಬಹುದು, ಗಟ್ಟಿ ಗಾಡಿಯೂ ಹೌದು. ಆದರೆ ಒಂದು ಬಿಡಿಭಾಗಕ್ಕೆ ಬೆಂಗಳೂರಿಗೆ ಓಡುವ ಹಾಗಾದರೆ ಅಗ್ಗ ಎಲ್ಲಿ ಬಂತು?

ಈಗ ಗಾಡಿ ನೋಡಲು ಹೋಗುವ ದಿನ. ಬೆಳಿಗ್ಗೆ ಬೇಗ ಹೋಗಿ, "ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ" ಎಂದು ಮೊದಲೇ ಹೇಳಿ. ಬಿಸಿ ಎಂಜಿನ್ನು ತನ್ನ ರೋಗ ಮುಚ್ಚಿಡುತ್ತದೆ. ಬಾನೆಟ್ ಮುಟ್ಟಿ ನೋಡಿ, ತಣ್ಣಗಿರಬೇಕು. ಆಯಿಲ್ ಹಾಕುವ ಮುಚ್ಚಳ ತೆಗೆದು ಅದರ ಒಳಭಾಗ ನೋಡಿ. ಮಜ್ಜಿಗೆ ಹಾಗೆ ಬೆಳ್ಳಗೆ ನೊರೆ ಕಟ್ಟಿದ್ದರೆ ಆಯಿಲಿಗೆ ನೀರು ಸೇರಿರುವ ಸಂಶಯ, ಮೇಸ್ತ್ರಿಗೆ ತೋರಿಸದೆ ಮುಂದಕ್ಕೆ ಮಾತು ಬೇಡ. ಹೊಗೆ ನೀಲಿಯಾಗಿ ಬಂದರೆ ಆಯಿಲ್ ಸುಡುತ್ತಿದೆ ಎಂದರ್ಥ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2322 ಎಂದಿದ್ದರೆ 2022ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಮೀಟರು ಇಪ್ಪತ್ತು ಸಾವಿರ ಕಿಲೋಮೀಟರು ತೋರಿಸುತ್ತಿದ್ದು, ನಾಲ್ಕೂ ಟೈರು ಗಾಡಿಗಿಂತ ಹೊಸದಾಗಿದ್ದರೆ ಯಾಕೆ ಎಂದು ಕೇಳಿ. ಕ್ಲಚ್ಚು, ಬ್ರೇಕಿನ ಪೆಡಲಿನ ರಬ್ಬರು ನಮ್ಮ ಚಪ್ಪಲಿಯ ಹಿಮ್ಮಡಿ ಇದ್ದ ಹಾಗೆ; ಸವೆದದ್ದನ್ನು ಮುಚ್ಚಿಡಲಾಗದು. ಸರ್ವಿಸ್ ಸೆಂಟರಿನ ದಾಖಲೆಯಲ್ಲಿ ಪ್ರತಿ ಸಲದ ಕಿಲೋಮೀಟರು ಬರೆದಿರುತ್ತದೆ, ಅದನ್ನು ತರಿಸಿ. ಎಲ್ಲ ಗಾಜುಗಳ ಮೂಲೆಯ ಗುರುತು ಒಂದೇ ವರ್ಷದ್ದೇ? ಒಂದು ಮಾತ್ರ ಬೇರೆಯಾದರೆ ಆ ಕಡೆ ಏನೋ ಆಗಿದೆ.

ಸೀಟ್ ಬೆಲ್ಟನ್ನು ಪೂರ್ತಿ ಹೊರಗೆ ಎಳೆದು ನೋಡುವುದನ್ನು ಮಾತ್ರ ಮರೆಯಲೇ ಬೇಡಿ. 2022ರ ಸೆಪ್ಟೆಂಬರಿನ ಮಳೆಯಲ್ಲಿ ಬೆಂಗಳೂರಿನ ಬೆಳ್ಳಂದೂರು ಕಡೆ ನೆಲಮಾಳಿಗೆಗಳಲ್ಲಿ ನಿಂತಿದ್ದ ಎಷ್ಟೋ ಕಾರುಗಳು ನೀರಲ್ಲಿ ಮುಳುಗಿದವು. ಅಂಥ ಗಾಡಿಯನ್ನು ತೊಳೆದು ಸುಗಂಧ ಹೊಡೆದು ಮಾರಲು ಇಟ್ಟರೆ ಮೇಲ್ನೋಟಕ್ಕೆ ಗೊತ್ತಾಗುವುದಿಲ್ಲ. ನಾವೇ ನೋಡಿದ ಒಂದು ಗಾಡಿ, ಬಿಳಿ ಬಣ್ಣ, ಒಳಗೆಲ್ಲ ಮಲ್ಲಿಗೆ ವಾಸನೆ, ಬೆಲೆಯೂ ಕಡಿಮೆ. ನಮ್ಮ ಮನೆಯವರು ಮುಂಗಡ ಕೊಡಲು ಜೇಬಿಗೆ ಕೈ ಹಾಕಿದ್ದರು. ಹಿಂದಿನ ಬೆಲ್ಟನ್ನು ಕೊನೆಯವರೆಗೆ ಎಳೆದಾಗ ಒಣಗಿದ ಕೆಸರಿನ ಗೆರೆ ಕಾಣಿಸಿತು. ಸ್ಟೆಪ್ನಿ ಎತ್ತಿಸಿದೆ, ಅದರಡಿ ಹೂಳು. ನಮಸ್ಕಾರ ಹೇಳಿ ಬಂದೆವು. ಹಾಗೆಯೇ ಕೆಎ 19, 20, 30 ಎಂದು ಮಂಗಳೂರು, ಉಡುಪಿ, ಕಾರವಾರದ ನಂಬರಿದ್ದರೆ ಗಾಡಿಯನ್ನು ಮೇಲೆತ್ತಿಸಿ ತಳದ ತುಕ್ಕು ನೋಡಿಸಿ. ಕಡಲ ಗಾಳಿ ಕಬ್ಬಿಣವನ್ನು ಬಿಡುವುದಿಲ್ಲ.

ಕಾಗದಪತ್ರದ ಕೆಲಸ ಬೇಸರದ್ದು, ಆದರೂ ಮನೆ ಮುಳುಗುವುದು ಅಲ್ಲೇ. ಆರ್.ಸಿ.ಯಲ್ಲಿ ಬ್ಯಾಂಕಿನ ಹೆಸರು ಇದ್ದರೆ ಸಾಲ ಇನ್ನೂ ಅಂಟಿಕೊಂಡಿದೆ ಎಂದು ಲೆಕ್ಕ. ಬ್ಯಾಂಕಿನ ನಿರಾಕ್ಷೇಪಣಾ ಪತ್ರವೂ ಫಾರಂ 35ಕ್ಕೆ ಸಹಿಯೂ ಆಗದೆ ಹಣ ಕೊಡಬೇಡಿ. ಹೆಸರು ಬದಲಾವಣೆಗೆ ಫಾರಂ 29 ಮತ್ತು 30. ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕೆಂದು ಕಾನೂನು. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ, ಇಲ್ಲವಾದರೆ ಗಾಡಿಗೆ ಪೆಟ್ಟಾದಾಗ ರಿಪೇರಿ ಹಣ ಬರುವುದಿಲ್ಲ. ಕ್ಲೇಮು ಮಾಡದ ವರ್ಷಗಳ ರಿಯಾಯಿತಿ ಹಳೆಯ ಮಾಲೀಕರ ಜೊತೆಗೇ ಹೋಗುತ್ತದೆ, ನಿಮಗೆ ಸಿಗದು. ಬಾಕಿ ದಂಡ, ವಿಮೆಯ ಅವಧಿ, ಸಾಲದ ನಮೂದು ಇವನ್ನೆಲ್ಲ ಎಂ-ಪರಿವಾಹನ್ ಆ್ಯಪಿನಲ್ಲಿ ಗಾಡಿಯ ನಂಬರು ಹಾಕಿ ಮಗಳೇ ಐದು ನಿಮಿಷದಲ್ಲಿ ನೋಡಿಕೊಡುತ್ತಾಳೆ. "ಹೆಸರು ಆಮೇಲೆ ಬದಲಾಯಿಸಿದರಾಯಿತು, ನಂಬಿಕೆಯವರು" ಎನ್ನುವ ಮಾತಿಗೆ ಮಾತ್ರ ಒಪ್ಪಬೇಡಿ.

ಅತ್ತೆಯವರನ್ನು ಜೊತೆಗೇ ಕರೆದೊಯ್ಯಿರಿ. ಎತ್ತರದ ಗಾಡಿ ಎಂದ ಮಾತ್ರಕ್ಕೆ ಎಲ್ಲವೂ ಮಂಡಿಗೆ ಹಿತವಲ್ಲ. ಸೀಟು ಸೊಂಟದ ಮಟ್ಟಕ್ಕಿದ್ದರೆ ಹಿಂದಕ್ಕೆ ಸರಿದು ಕೂತರಾಯಿತು. ಅದಕ್ಕಿಂತ ಎತ್ತರವಾದರೆ ಹತ್ತುವುದೇ ಶಿಕ್ಷೆ. ಬಾಗಿಲು ಎಷ್ಟು ಅಗಲ ತೆರೆಯುತ್ತದೆ, ಹಿಡಿದುಕೊಳ್ಳಲು ಮೇಲೆ ಹಿಡಿಕೆ ಇದೆಯೇ? ಹಿಂದೆ ಮೂವರು ಕೂತು ನೋಡಿ. ಮಧ್ಯದವರಿಗೂ ಭುಜದ ಮೇಲೆ ಬರುವ ಬೆಲ್ಟು ಇದೆಯೋ, ಬರೀ ಸೊಂಟಕ್ಕೋ? 2022ರ ಸೆಪ್ಟೆಂಬರಿನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡದ್ದು ಹಿಂದಿನ ಸೀಟಿನಲ್ಲಿ. ಬೆಲ್ಟು ಹಾಕಿರಲಿಲ್ಲವೆಂದು ಪೊಲೀಸರು ತಿಳಿಸಿದರು. ಅಂಥ ದೊಡ್ಡ ಗಾಡಿಯಲ್ಲೇ ಹಾಗಾದ ಮೇಲೆ ನಮ್ಮದೇನು? ಹದಿನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬೆಲ್ಟು ಹಾಕದಿದ್ದರೆ ಸಾವಿರ ರೂಪಾಯಿ ದಂಡ ಎಂದು 2019ರ ತಿದ್ದುಪಡಿಯಲ್ಲೇ ಇದೆ. ಮಗನಿಗೆ ಮೊದಲ ದಿನದಿಂದಲೇ ರೂಢಿ ಮಾಡಿಸಿ.

ಆಷಾಢದಲ್ಲಿ ನಮ್ಮ ಕಡೆ ಗಾಡಿ ತರುವವರು ಕಡಿಮೆ, ಆಗ ಮಾರುವವರ ಧ್ವನಿ ಮೆತ್ತಗಾಗಿರುತ್ತದೆ. ಆ ತಿಂಗಳಲ್ಲೇ ನೋಡಿ, ಬೆಲೆ ಮುಗಿಸಿ. ಶಾಸ್ತ್ರ ಬೇಕಿದ್ದರೆ ಶ್ರಾವಣ ಹುಟ್ಟಿದ ಮೇಲೆ ಮನೆಗೆ ತಂದು ಪೂಜೆ ಮಾಡಿದರಾಯಿತು.

ಕೊನೆಯದಾಗಿ, ಈ ಸೋದರಿ ಕಾಗದದಲ್ಲಿ ಕೇಳದೆ ಬಿಟ್ಟ ವಿಷಯ. ನೀವೂ ಓಡಿಸುತ್ತೀರಲ್ಲವೇ? ಮಗನನ್ನು ಶಾಲೆಗೆ ಬಿಡುವುದು, ಅತ್ತೆಯವರನ್ನು ಆಸ್ಪತ್ರೆಗೆ ಕರೆದೊಯ್ಯುವುದು ಯಜಮಾನರು ಅಂಗಡಿಯಲ್ಲಿರುವ ಹೊತ್ತಿನಲ್ಲೇ ತಾನೆ? ಹಾಗಾದರೆ ಟೆಸ್ಟ್ ಡ್ರೈವಿಗೆ ಹೋದಾಗ ಪಕ್ಕದ ಸೀಟಿನಲ್ಲಿ ಪರ್ಸು ಹಿಡಿದು ಕೂತಿರಬೇಡಿ. ಸ್ಟೇರಿಂಗ್ ಹಿಂದೆ ಕೂತು ನೋಡಿ. ಕ್ಲಚ್ಚು ಪೂರ್ತಿ ಒತ್ತಲು ಕಾಲು ಎಟುಕುತ್ತದೆಯೇ, ಬಾನೆಟ್ಟಿನಾಚೆ ರಸ್ತೆ ಕಾಣುತ್ತದೆಯೇ, ಹಿಂದಕ್ಕೆ ತೆಗೆಯುವಾಗ ಮೂಲೆಯ ಕಂಬ ಕಣ್ಣಿಗೆ ಅಡ್ಡವೇ? ನನ್ನ ಹಾಗೆ ಐದಡಿಯವರಾದರೆ ಸೀಟು ಎತ್ತರಿಸುವ ಲಿವರು ಇರಲೇಬೇಕು. ಕಡಿಮೆ ಬೆಲೆಯ ಮಾದರಿಗಳಲ್ಲಿ ಅದು ಇಲ್ಲದಿರುವುದುಂಟು, ಕೇಳಿ ನೋಡಿ.