ಪಾತ್ರವೂ ಪಾತ್ರತೆಯೂ

ಸಂಸ್ಕೃತದಲ್ಲಿ 'ಪಾತ್ರ'ವೆಂಬ ಶಬ್ದಕ್ಕೆ ಎರಡು ವ್ಯುತ್ಪತ್ತಿಗಳನ್ನು ಹೇಳುವುದುಂಟು. ಕುಡಿಯುವುದಕ್ಕೆ ಸಾಧನವಾದುದು ಪಾತ್ರವೆಂಬುದೊಂದು; ತನ್ನಲ್ಲಿಟ್ಟುದನ್ನು ಕಾಪಾಡುವುದು ಪಾತ್ರವೆಂಬುದು ಇನ್ನೊಂದು. ಈ ತಿಂಗಳು ನಾವು ವಾಚಕರ ಮುಂದಿಡುವ ಮಾತು ಎರಡನೆಯ ಅರ್ಥವನ್ನು ಆಶ್ರಯಿಸಿರುವುದು.

ಬೆಳಗಾವಿಯ ಕೋಟೆಯು 1818ರಲ್ಲಿ ಆಂಗ್ಲರ ವಶವಾದ ತರುವಾಯ ಅದರ ಸಮೀಪದಲ್ಲಿ ದಂಡಿನ ಪಾಳೆಯವು ನೆಲೆಗೊಂಡಿತು; ಅದೇ ಇಂದಿನ ಕ್ಯಾಂಪ್. ಒಂದು ಕಾಲಕ್ಕೆ ಆಂಗ್ಲ ಸಿಪಾಯಿಗಳ ಆಹಾರವೆನಿಸಿದ್ದ ಪಾವು, ಕೇಕುಗಳು ಈಗ ನಮ್ಮ ಮನೆಗಳಲ್ಲಿಯೂ ಮಕ್ಕಳ ಸಂಜೆಯ ತಿಂಡಿಯಾಗಿರುವುವು. ಅಲ್ಲಿಂದ ಸುಮಾರು 26 ಕಿಲೋಮೀಟರ್ ದೂರದ ಖಾನಾಪುರವು ಮಣ್ಣಿನ ಕೆಲಸಕ್ಕೆ ಹೆಸರಾದ ಊರು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆಯ ಶಿಕ್ಷಣಸಂಸ್ಥೆಯೂ ಅಲ್ಲಿಯೇ ಇರುವುದು. ಕ್ಯಾಂಪಿನ ತಿಂಡಿಯು ಖಾನಾಪುರದ ಮಣ್ಣಿನ ತಟ್ಟೆಯಲ್ಲಿ ಅತಿಥಿಗಳ ಮುಂದೆ ಬಂದರೆ ಎಷ್ಟು ಚೆನ್ನು! ಅಂತಹ ತಟ್ಟೆಯನ್ನು ಮನೆಯವರೇ ಮಾಡಬಹುದು.

ಹದಮಾಡಿದ ಮಣ್ಣನ್ನು ಕುಂಬಾರರಿಂದ ತಂದು, ಗಾಳಿಯ ಗುಳ್ಳೆ ಉಳಿಯದಂತೆ ನಾದಿ, ಒದ್ದೆ ಅರಿವೆಯ ಮೇಲೆ ಸುಮಾರು 8 ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಬೇಕು. ಬೋರಲಿಟ್ಟ ಅಗಲವಾದ ತಟ್ಟೆಯ ಮೇಲೆ ಅರಿವೆ ಹಾಸಿ, ಲಟ್ಟಿಸಿದ ಮಣ್ಣನ್ನು ಅದರ ಮೇಲೆ ಹೊದಿಸಿ, ಅಂಚನ್ನು ಕೊಯ್ದು ಸಮಮಾಡತಕ್ಕದ್ದು. ಮಣ್ಣು ತೊಗಲಿನಂತೆ ಬಿಗಿಯಾದೊಡನೆ ಅಚ್ಚಿನಿಂದ ಬಿಡಿಸಬೇಕು. ತಡಮಾಡಿದರೆ ಒಣಗಿ ಕುಗ್ಗುವ ಮಣ್ಣು ಕುಗ್ಗದ ಅಚ್ಚನ್ನು ಬಿಗಿದು ತಾನೇ ಬಿರಿಯುವುದು. ಒಣಗಿಸುವುದು ನೆರಳಿನಲ್ಲಿಯೇ; ಬಿಸಿಲಿಗಿಟ್ಟರೆ ಅಂಚು ಮೊದಲು ಒಣಗಿ ತಟ್ಟೆಯು ಸೊಟ್ಟಾಗುವುದು.

ಅಲಂಕಾರಕ್ಕೆ ಇದೇ ಸಮಯ. ಜಾಜನ್ನಾಗಲಿ ಬಿಳಿಯ ಜೇಡಿಮಣ್ಣನ್ನಾಗಲಿ ನೀರಿನಲ್ಲಿ ನಯವಾಗಿ ಕದಡಿ, ಸೋಸಿ, ಸಣ್ಣ ಕಡ್ಡಿಯಿಂದ ಅಂಚಿನ ಸುತ್ತಲೂ ರಂಗೋಲಿಯ ಚುಕ್ಕಿಗಳನ್ನೂ ಬಳ್ಳಿಗಳನ್ನೂ ಎಳೆಯಬಹುದು. ತಿಂಡಿ ಕೂಡುವ ನಡುಭಾಗವನ್ನು ಮಾತ್ರ ಬರಿದಾಗಿ ಬಿಟ್ಟು, ಹೊಳೆಯ ನುಣುಪುಗಲ್ಲಿನಿಂದ ಉಜ್ಜಿ ಹೊಳಪುಗೊಳಿಸಬೇಕು. ಸುಡುವುದಕ್ಕೆ ಮನೆಯ ಒಲೆಯ ಕಾವು ಸಾಲದು. ಸುಮಾರು 600 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಮಣ್ಣಿನ ಕಣಗಳೊಳಗೆ ಕಟ್ಟುಬಿದ್ದ ನೀರು ಹೊರಟುಹೋಗಿ, ಅದು ಮತ್ತೆ ಕೆಸರಾಗದ ಪದಾರ್ಥವಾಗುವುದು. ಗಟ್ಟಿತನಕ್ಕೆ ಇನ್ನೂ ಹೆಚ್ಚಿನ ಕಾವು ಬೇಕು. ಆದುದರಿಂದ ಕುಂಬಾರನ ಆವಿಗೆಯಲ್ಲಿ ಸುಡಿಸಿ, ಅವನ ಶ್ರಮಕ್ಕೆ ತಕ್ಕ ಬೆಲೆಯನ್ನು ಸಲ್ಲಿಸತಕ್ಕದ್ದು.

ಇನ್ನು ಮುಖ್ಯವಾದ ಮಾತು. ಸುಟ್ಟ ತಟ್ಟೆಯು ಮಂಕಾಗಿ ಕಾಣುವುದೆಂದು ಅದರ ಒಳಮೈಗೆ ಅಂಗಡಿಯ ಎಣ್ಣೆಬಣ್ಣವನ್ನು ಬಳಿಯುವವರುಂಟು. ಅದು ದಿನಕ್ರಮದಲ್ಲಿ ಸುಲಿದು ತಿಂಡಿಯೊಡನೆ ಸೇರುವುದು. ಸೀಸ ಬೆರೆತ ಮೆರುಗಂತೂ ಇನ್ನೂ ಅಪಾಯಕರ. ಸೀಸದ ಮೆರುಗು ಕಡಿಮೆ ಕಾವಿನಲ್ಲಿಯೇ ಕರಗಿ ಗಾಜಿನಂತೆ ಹೊಳೆಯುವುದರಿಂದ ಅನೇಕ ದೇಶಗಳಲ್ಲಿ ಅದು ಬಳಕೆಗೆ ಬಂದಿತು. ಆದರೆ ಹಣ್ಣಿನ ಮುರಬ್ಬದಂತಹ ಹುಳಿ ಪದಾರ್ಥವು ತಗಲಿದರೆ ಆ ಸೀಸವು ಆಹಾರಕ್ಕೆ ಇಳಿಯಬಲ್ಲುದು. ಮಕ್ಕಳ ಮೆದುಳಿನ ಬೆಳವಣಿಗೆಗೆ ಅದರಿಂದ ಹಾನಿಯುಂಟು. ಸೀಸದ ವಿಷಯದಲ್ಲಿ ನಿರಪಾಯವಾದ ಪ್ರಮಾಣವೆಂಬುದೇ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಾರಿರುವುದು. ಕಣ್ಣಿಗೆ ಸೊಗಸಾದುದು ಹೊಟ್ಟೆಗೂ ಹಿತವೆಂದು ನಂಬಲಾಗದು. ಮೆರುಗಿನ ತಟ್ಟೆಯನ್ನೇ ಕೊಳ್ಳಬೇಕಾದಲ್ಲಿ ಸೀಸವಿಲ್ಲವೆಂದು ಖಚಿತಪಡಿಸಿಕೊಂಡೇ ಕೊಳ್ಳಬೇಕು. ಸಂಶಯವಿದ್ದರೆ ಅದು ಗೋಡೆಯ ಅಲಂಕಾರಕ್ಕೆ ಇರಲಿ, ಊಟಕ್ಕೆ ಬೇಡ.

ಮೆರುಗಿಲ್ಲದ ಮಣ್ಣು ತುಪ್ಪ ಬೆಣ್ಣೆಗಳನ್ನು ಹೀರುವುದರಿಂದ ನಾನಖಟಾಯಿ, ಕೇಕುಗಳನ್ನು ಇಡುವಾಗ ಬಾಳೆಯ ಎಲೆಯನ್ನಾಗಲಿ ಮಡಿಯಾದ ಅರಿವೆಯನ್ನಾಗಲಿ ಹಾಸುವುದು ಯೋಗ್ಯ. ತಟ್ಟೆಯನ್ನು ನೀರಿನಲ್ಲಿ ನೆನೆಹಾಕದೆ ಬೇಗನೆ ತೊಳೆದು, ಪೂರ್ಣವಾಗಿ ಆರಿಸಿಯೇ ಎತ್ತಿಡಬೇಕು; ಇಲ್ಲವಾದರೆ ಬೂಷ್ಟು ಹಿಡಿಯುವುದು.

ಚಿತ್ರವೆಲ್ಲ ಅಂಚಿನಲ್ಲಿರಲಿ; ಮಗುವಿನ ಕೈಗೆ ತಿಂಡಿಯ ಹೊರತು ಬೇರೇನೂ ಬಾರದಿರಲಿ. ತನ್ನಲ್ಲಿಟ್ಟುದನ್ನು ಹೀಗೆ ಕಾಪಾಡುವ ತಟ್ಟೆಗೆ ಮಾತ್ರವೇ ಪಾತ್ರವೆಂಬ ಹೆಸರಿನ ಪಾತ್ರತೆಯುಂಟು.