ಹೆಚ್ಚುವರಿ ಅರ್ಧ ಗಂಟೆಗೆ ಕತ್ತರಿ ಬೇಡ



ಫುಟ್‌ಬಾಲ್ ನಾಕೌಟ್ ಪಂದ್ಯ 90 ನಿಮಿಷಗಳಲ್ಲಿ ಇತ್ಯರ್ಥವಾಗದಿದ್ದರೆ ಹೆಚ್ಚುವರಿ 30 ನಿಮಿಷ ಆಡಿಸುವ ಪದ್ಧತಿಯನ್ನು ಕೈಬಿಟ್ಟು, ನೇರವಾಗಿ ಪೆನಾಲ್ಟಿ ಶೂಟೌಟ್‌ಗೆ ಹೋಗುವುದೇ ಸರಿ ಎಂದು ನಿಮ್ಮ ಪತ್ರಿಕೆಯ ಕ್ರೀಡಾಪುಟದ ಲೇಖನ ವಾದಿಸಿದೆ. ಆಟಗಾರರ ದಣಿವು, ಟಿ.ವಿ. ವೇಳಾಪಟ್ಟಿ, ಆ ಅರ್ಧ ಗಂಟೆಯಲ್ಲಿ ಎರಡೂ ತಂಡ ಪೆನಾಲ್ಟಿಗಾಗಿ ಕಾಯುತ್ತಾ ಕೂರುತ್ತವೆ ಎಂಬ ದೂರು, ಮೂರೂ ಅದರಲ್ಲಿವೆ. ಮೂರನ್ನೂ ಸಮಾಧಾನವಾಗಿ ಓದಿದ ಮೇಲೂ ನನಗೆ ಒಪ್ಪಿಗೆಯಾಗಲಿಲ್ಲ.

ಬೆಂಗಳೂರಿನ ಅಭಿಮಾನಿಗೆ ಆ ಅರ್ಧ ಗಂಟೆ ಏನು ಕೊಟ್ಟಿದೆ ಎಂಬುದನ್ನು ಮೊದಲು ಹೇಳಬೇಕು. ಬೆಂಗಳೂರು ಎಫ್‌ಸಿಗೆ ಮೊದಲ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಪ್ರಶಸ್ತಿ ಬಂದದ್ದೇ ಅಲ್ಲಿಂದ. 2019ರ ಮಾರ್ಚ್ 17ರಂದು ಮುಂಬೈಯಲ್ಲಿ ಎಫ್‌ಸಿ ಗೋವಾ ವಿರುದ್ಧದ ಫೈನಲ್. 90 ನಿಮಿಷ ಕಳೆದರೂ ಗೋಲಿಲ್ಲ. ಹೆಚ್ಚುವರಿ ಸಮಯದ ಮೊದಲಾರ್ಧ ಮುಗಿಯುವ ಹೊತ್ತಿಗೆ ಗೋವಾದ ಅಹಮದ್ ಜಾಹು ಎರಡನೇ ಹಳದಿ ಕಾರ್ಡ್ ಪಡೆದು ಹೊರನಡೆದರು. 117ನೇ ನಿಮಿಷದಲ್ಲಿ ದಿಮಾಸ್ ಡೆಲ್ಗಾಡೊ ಎತ್ತಿ ಹಾಕಿದ ಕಾರ್ನರ್‌ಗೆ ಡಿಫೆಂಡರ್ ರಾಹುಲ್ ಭೆಕೆ ತಲೆ ಕೊಟ್ಟರು. ಲೇಖಕರು ಹೇಳುವ ನಿಯಮ ಅಂದು ಇದ್ದಿದ್ದರೆ ಆ ಗೋಲು ಹುಟ್ಟುತ್ತಲೇ ಇರಲಿಲ್ಲ.

ಗೆದ್ದವರು ಆಡುವ ಮಾತು ಇದು ಎನ್ನಬೇಡಿ. 2025ರ ಏಪ್ರಿಲ್ 12ರಂದು ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ನಡೆದ ಫೈನಲ್‌ನಲ್ಲಿ 1–0 ಮುಂದಿದ್ದ ನಮ್ಮವರು, ಹೆಚ್ಚುವರಿ ಸಮಯದಲ್ಲಿ ಜೇಮಿ ಮೆಕ್ಲಾರೆನ್ ಹೊಡೆದ ಗೋಲಿನಿಂದ ಮೋಹನ್ ಬಾಗನ್‌ಗೆ 1–2ರಲ್ಲಿ ಸೋತರು. ಹೊಟ್ಟೆ ಉರಿಯಿತು, ನಿಜ. ಆದರೆ ಆ ಸೋಲಿನ ಬಗ್ಗೆ ನನ್ನ ತಕರಾರಿಲ್ಲ, ಆಡಿ ಸೋತೆವು. ಅದಕ್ಕೂ ಮೊದಲು, 2023ರಲ್ಲಿ ಗೋವಾದ ಫಟೋರ್ಡಾದಲ್ಲಿ ಇದೇ ಎದುರಾಳಿಗೆ ಪೆನಾಲ್ಟಿಯಲ್ಲಿ ಸೋತದ್ದನ್ನೂ ಒಪ್ಪಿಕೊಂಡೆವು. ಅಂದು 120 ನಿಮಿಷ ಸೆಣಸಿದ ಮೇಲೆ ಬೇರೆ ದಾರಿ ಉಳಿದಿರಲಿಲ್ಲ.

ನನಗೆ ಈವರೆಗೂ ಅರಗದಿರುವುದು 2024ರ ಡ್ಯುರಾಂಡ್ ಕಪ್ ಸೆಮಿಫೈನಲ್. ಬೆಂಗಳೂರು 2–0 ಮುಂದಿತ್ತು. ದ್ವಿತೀಯಾರ್ಧದಲ್ಲಿ ಮೋಹನ್ ಬಾಗನ್ ಎರಡೂ ಗೋಲು ತೀರಿಸಿತು. ಎರಡನೆಯದು ಬಂದದ್ದು 84ನೇ ನಿಮಿಷದಲ್ಲಿ ಅನಿರುದ್ಧ್ ಥಾಪಾ ಕಾಲಿನಿಂದ. ಇಡೀ ಕ್ರೀಡಾಂಗಣ ಎದ್ದು ನಿಂತಿತ್ತು, ಪಂದ್ಯ ಕುದಿಯುತ್ತಿತ್ತು. ಅಷ್ಟರಲ್ಲಿ ಸೀಟಿ ಊದಿ ನೇರ ಪೆನಾಲ್ಟಿಗೆ ಕರೆದರು. ಬಾಗನ್‌ಗೆ 4–3, ಮುಗಿಯಿತು. ಇನ್ನರ್ಧ ಗಂಟೆ ಆಡಿಸಿದ್ದರೆ ಬಾಗನ್ನೇ ಗೆಲ್ಲುತ್ತಿತ್ತೇನೋ, ಆಟ ಅವರ ಕಡೆಗೆ ವಾಲಿತ್ತು. ಹಾಗೆ ಗೆದ್ದಿದ್ದರೆ ಅವರಿಗೂ ಅದು ಪೂರ್ತಿ ಗೆಲುವಾಗುತ್ತಿತ್ತು.

ಪೆನಾಲ್ಟಿ ಶೂಟೌಟ್ ಯಾತಕ್ಕಾಗಿ ಬಂತು ಎಂಬುದನ್ನು ಲೇಖನ ಮರೆತಿದೆ. 1968ರ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಇಟಲಿ ಮತ್ತು ಸೋವಿಯತ್ ಒಕ್ಕೂಟದ ನಡುವಿನ ಸೆಮಿಫೈನಲ್ 120 ನಿಮಿಷದ ಬಳಿಕವೂ ಗೋಲಿಲ್ಲದೆ ನಿಂತಾಗ ನಾಣ್ಯ ಚಿಮ್ಮಿಸಿ ಇಟಲಿಯನ್ನು ಫೈನಲ್‌ಗೆ ಕಳಿಸಿದರು. ಅಂಥ ಅನ್ಯಾಯ ತಪ್ಪಲೆಂದು 1970ರಲ್ಲಿ ಶೂಟೌಟ್ ನಿಯಮವಾಯಿತು. ನಾಣ್ಯದ ಜಾಗಕ್ಕೆ ಬಂದದ್ದನ್ನು ಈಗ ಆಟದ ಜಾಗದಲ್ಲಿ ಕೂರಿಸಲು ಹೊರಟಿದ್ದಾರೆ. ಹನ್ನೊಂದು ಜನ ಒಬ್ಬರಿಗೊಬ್ಬರು ಆಸರೆಯಾಗಿ ಆಡುವ ಆಟದ ಫಲಿತಾಂಶವನ್ನು, ಹನ್ನೆರಡು ಗಜ ದೂರದಲ್ಲಿ ಒಂಟಿಯಾಗಿ ನಿಂತ ಒಬ್ಬ ಹುಡುಗನ ತಲೆಗೆ ಕಟ್ಟುವುದು ಕಟ್ಟಕಡೆಯ ಉಪಾಯವಾಗಿಯೇ ಇರಬೇಕು.

ಹೆಚ್ಚುವರಿ ಸಮಯದಲ್ಲಿ ಯಾರೂ ಆಡುವುದಿಲ್ಲ ಎಂಬ ದೂರಿಗೆ ದಾಖಲೆಗಳೇ ಉತ್ತರ ಕೊಡುತ್ತವೆ. 1970ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಇಟಲಿ, ಪಶ್ಚಿಮ ಜರ್ಮನಿಯನ್ನು 4–3ರಿಂದ ಮಣಿಸಿದಾಗ ಏಳರಲ್ಲಿ ಐದು ಗೋಲು ಬಂದದ್ದು ಆ ಅರ್ಧ ಗಂಟೆಯಲ್ಲಿ. ಭುಜದ ಕೀಲು ತಪ್ಪಿದ್ದ ಬೆಕೆನ್‌ಬಾಯರ್ ಕೈಯನ್ನು ಎದೆಗೆ ಕಟ್ಟಿಕೊಂಡು ಆಡಿದ್ದು ಅದೇ ಪಂದ್ಯದಲ್ಲಿ. 2010ರ ಫೈನಲ್‌ನ ಏಕೈಕ ಗೋಲನ್ನು ಇನಿಯೆಸ್ಟಾ ಹೊಡೆದದ್ದು 116ನೇ ನಿಮಿಷದಲ್ಲಿ, 2014ರ ಫೈನಲ್‌ನ ಏಕೈಕ ಗೋಲನ್ನು ಗೊಟ್ಸೆ ಹೊಡೆದದ್ದು 113ನೇ ನಿಮಿಷದಲ್ಲಿ. 2022ರಲ್ಲಿ ಮೆಸ್ಸಿ 108ರಲ್ಲಿ, ಎಂಬಾಪೆ 118ರಲ್ಲಿ ಹೊಡೆದರು. ಆಮೇಲೆ ಕೊನೆಯ ಗಳಿಗೆಯಲ್ಲಿ ಕೊಲೊ ಮುವಾನಿಯ ಹೊಡೆತಕ್ಕೆ ಎಮಿಲಿಯಾನೊ ಮಾರ್ಟಿನೆಜ್ ಎಡಗಾಲು ಚಾಚಿದ್ದನ್ನು ಕಂಡವರು ಮರೆತಾರೆಯೇ?

ಈ ಅರ್ಧ ಗಂಟೆಯನ್ನು ‘ಸರಿಪಡಿಸುವ’ ಪ್ರಯತ್ನವೂ ಒಮ್ಮೆ ನಡೆದಿದೆ. ಮೊದಲ ಗೋಲಿಗೇ ಪಂದ್ಯ ಮುಗಿಸುವ ಗೋಲ್ಡನ್ ಗೋಲ್ ನಿಯಮ ತೊಂಬತ್ತರ ದಶಕದಲ್ಲಿ ಬಂತು. 1996ರಲ್ಲಿ ಬಿಯರ್‌ಹಾಫ್, 2000ದಲ್ಲಿ ಟ್ರೆಜೆಗೆ ಯುರೋ ಫೈನಲ್‌ಗಳನ್ನು ಗೆಲ್ಲಿಸಿದ್ದು ಹೀಗೆಯೇ. ತಂಡಗಳು ಮುನ್ನುಗ್ಗಿ ಆಡಲಿ ಎಂದು ತಂದ ನಿಯಮ ಅದು. ಆದರೆ ಒಂದೇ ತಪ್ಪಿಗೆ ಎಲ್ಲ ಮುಗಿಯುತ್ತದೆ ಎಂಬ ಭಯದಿಂದ ತಂಡಗಳು ಇನ್ನಷ್ಟು ಹಿಂದೆ ಸರಿದವು. ಬಳಿಕ ಸಿಲ್ವರ್ ಗೋಲ್ ಎಂಬ ಮಧ್ಯದ ದಾರಿ ಹುಡುಕಿದರು. 2004ರ ಯುರೋ ಮುಗಿದ ಮೇಲೆ ಎರಡನ್ನೂ ಬಿಟ್ಟು ಪೂರ್ತಿ 30 ನಿಮಿಷಕ್ಕೇ ಮರಳಿದರು.

ದಣಿವಿನ ಮಾತು ಸುಳ್ಳಲ್ಲ. 2023ರ ಜುಲೈನಲ್ಲಿ ನಮ್ಮ ಕಂಠೀರವ ಕ್ರೀಡಾಂಗಣದಲ್ಲೇ ಭಾರತ ತಂಡ ನಾಲ್ಕು ದಿನಗಳೊಳಗೆ ಎರಡು ಸಲ 120 ನಿಮಿಷ ಆಡಿತು. ಸ್ಯಾಫ್ ಚಾಂಪಿಯನ್‌ಷಿಪ್ ಸೆಮಿಫೈನಲ್‌ನಲ್ಲಿ ಲೆಬನಾನ್, ಫೈನಲ್‌ನಲ್ಲಿ ಕುವೈತ್. 90 ನಿಮಿಷ ಮುಗಿದಾಗ ಹುಡುಗರು ಹುಲ್ಲಿನ ಮೇಲೆ ಅಂಗಾತ ಬೀಳುವುದು, ಸಹಾಯಕರು ಓಡಿಬಂದು ಅವರ ಪಾದವನ್ನು ಎದೆಗೊತ್ತಿ ಹಿಡಿದು ಮೀನಖಂಡ ಸಡಿಲಿಸುವುದು, ನೀರಿನ ಬಾಟಲಿ ಅರ್ಧ ಬಾಯಿಗೆ ಅರ್ಧ ತಲೆಗೆ ಹೋಗುವುದು ಓಟದ ಟ್ರ್ಯಾಕ್‌ನ ಆಚೆ ಕುಳಿತವರಿಗೂ ಕಾಣುತ್ತದೆ. ಆಮೇಲೆ ಸಾಕ್ಸ್ ಇಳಿಬಿಟ್ಟುಕೊಂಡೇ ಮತ್ತೆ ಓಡುತ್ತಾರೆ. ಆ ಎರಡೂ ರಾತ್ರಿ ಹೆಚ್ಚುವರಿ ಸಮಯದಲ್ಲಿ ಗೋಲು ಬರಲಿಲ್ಲ, ಎರಡನ್ನೂ ಪೆನಾಲ್ಟಿಯಲ್ಲೇ ಗೆದ್ದೆವು. ಆದರೂ ಒಬ್ಬರೂ ಜಾಗ ಬಿಟ್ಟು ಏಳಲಿಲ್ಲ, ಅದು ವ್ಯರ್ಥವಾದ ಹೊತ್ತು ಎಂದು ಯಾರಿಗೂ ಅನ್ನಿಸಲಿಲ್ಲ.

ದಣಿವಿಗೆ ಮದ್ದು ಈಗಾಗಲೇ ಕೈಯಲ್ಲಿದೆ. ಐದು ಬದಲಿ ಆಟಗಾರರಿಗೆ ಅವಕಾಶವಿದೆ, ಹೆಚ್ಚುವರಿ ಸಮಯಕ್ಕೆ ಇನ್ನೊಬ್ಬರನ್ನು ಇಳಿಸಬಹುದು. ಸಾಲದಿದ್ದರೆ ಇಬ್ಬರನ್ನು ಇಳಿಸಲಿ. ಚಾಂಪಿಯನ್ಸ್ ಲೀಗ್‌ನಿಂದ ಹೆಚ್ಚುವರಿ ಸಮಯ ತೆಗೆಯುವ ಆಲೋಚನೆ ಯುರೋಪಿನ ಸಂಸ್ಥೆ ಯುಇಎಫ್‌ಎಗೆ ಇದೆ ಎಂದು 2025ರಲ್ಲಿ ವರದಿಯಾಗಿತ್ತು. ಗುಂಪು ಹಂತದಲ್ಲಿ ಆರು ಪಂದ್ಯ ಆಡುತ್ತಿದ್ದ ಕ್ಲಬ್‌ಗಳಿಗೆ ಹೊಸ ಲೀಗ್ ಹಂತದಲ್ಲಿ ಎಂಟು ಪಂದ್ಯ ಕೊಟ್ಟದ್ದು ಅದೇ ಸಂಸ್ಥೆ. ಕ್ಲಬ್ ವಿಶ್ವಕಪ್ಪನ್ನು 32 ತಂಡಗಳಿಗೆ, ವಿಶ್ವಕಪ್ಪನ್ನು 48 ತಂಡಗಳಿಗೆ, 104 ಪಂದ್ಯಗಳಿಗೆ ಹಿಗ್ಗಿಸಿದ್ದು ಫಿಫಾ. ಹಣಕ್ಕಾಗಿ ಪಂದ್ಯ ಹೆಚ್ಚಿಸುವವರು, ಆಟಗಾರರ ಕಾಲಿನ ಮೇಲಿನ ಕಾಳಜಿಯನ್ನು ಈ 30 ನಿಮಿಷದ ಮೇಲೆ ತೋರಿಸುವುದು ನ್ಯಾಯವಲ್ಲ. ಇನ್ನೊಂದು ಮಾತು. 2018ರಲ್ಲಿ ಹೆಚ್ಚುವರಿ ಸಮಯ ಕೈಬಿಟ್ಟ ಇಂಗ್ಲೆಂಡಿನ ಲೀಗ್ ಕಪ್ ಆಗಲಿ, ಕ್ವಾರ್ಟರ್ ಮತ್ತು ಸೆಮಿಫೈನಲ್‌ಗಳಲ್ಲಿ ಅದಿಲ್ಲದ ಕೋಪಾ ಅಮೆರಿಕ ಆಗಲಿ, ಫೈನಲ್‌ಗೆ ಮಾತ್ರ ಅದನ್ನು ಉಳಿಸಿಕೊಂಡವು. ಕಪ್ ಯಾರಿಗೆಂದು ತೀರ್ಮಾನಿಸುವಾಗ ಅವರಿಗೂ ಆಟವೇ ಬೇಕಾಯಿತು.

ನಮ್ಮಲ್ಲಂತೂ ಯುರೋಪಿನ ಕ್ಲಬ್‌ಗಳಷ್ಟು ಪಂದ್ಯಗಳ ಒತ್ತಡವೇ ಇಲ್ಲ. ನಮ್ಮ ಹುಡುಗರಿಗೆ ಆಡಲು ಸಿಗುವ ಪಂದ್ಯಗಳೇ ಕಡಿಮೆ ಎಂಬುದು ಹಳೆಯ ಕೊರಗು. ಕೋಲ್ಕತ್ತದ ಆಗಸ್ಟ್ ತಿಂಗಳ ಸೆಕೆಯಲ್ಲಿ ಡ್ಯುರಾಂಡ್‌ನ ಕ್ವಾರ್ಟರ್ ಫೈನಲ್‌ಗಳನ್ನು ನೇರ ಪೆನಾಲ್ಟಿಗೆ ಒಯ್ದರೆ ಅರ್ಥವಾಗುತ್ತದೆ. ಸೆಮಿಫೈನಲ್ ಮತ್ತು ಫೈನಲ್‌ಗೆ ಮಾತ್ರ ಆ ರಿಯಾಯಿತಿ ಬೇಡ. ಸಂಘಟಕರು ಆ ಮೂರು ಪಂದ್ಯಗಳಿಗೆ ಹೆಚ್ಚುವರಿ ಸಮಯ ಕೊಡಲಿ, ನಡುವೆ ಒಂದು ದಿನ ಹೆಚ್ಚು ಬಿಡುವು ಇಡಲಿ. ಐಎಸ್‌ಎಲ್ ಪ್ಲೇಆಫ್‌ಗಳ ವಿಷಯದಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಹೆಚ್ಚುವರಿ ಸಮಯದ ನಿಯಮವನ್ನು ಮುಟ್ಟದಿರಲಿ. ಮುಟ್ಟಲೇಬೇಕು ಎನಿಸಿದರೆ ಟಿ.ವಿ.ಯವರನ್ನು ಕೇಳುವ ಮೊದಲು ಆಟಗಾರರನ್ನು ಕೇಳಲಿ, ಟಿಕೆಟ್ ಕೊಂಡು ಬರುವ ನಮ್ಮನ್ನೂ ಕೇಳಲಿ.

ಇಂತಿ,
ಒಬ್ಬ ಫುಟ್‌ಬಾಲ್ ಅಭಿಮಾನಿ
ಆಸ್ಟಿನ್ ಟೌನ್, ಬೆಂಗಳೂರು