ನೀರು ಸೋರುವುದು ಎಲ್ಲಿ? ಯಂತ್ರ ಕೊಳ್ಳುವ ಮೊದಲು



ಈ ಸಲ ಒಗ್ಗರಣೆ ಸೌಟು ಪಕ್ಕಕ್ಕಿಟ್ಟು ನೀರಿನ ವಿಚಾರ ಹೇಳುತ್ತೇನೆ. ಚಿಂತಾಮಣಿಯ ಓದುಗರೊಬ್ಬರು ಪತ್ರ ಬರೆದು ಕೇಳಿದ್ದಾರೆ: "ಹಳೇ ಮನೆ ರಿಪೇರಿ ಮಾಡಿಸುತ್ತಿದ್ದೇವೆ. ನೀರು ಸೋರಿದರೆ ತಾನೇ ಕೂಗಿಕೊಳ್ಳುವ ಯಂತ್ರಗಳು ಬಂದಿವೆಯಂತೆ. ಹಾಕಿಸೋಣವೇ? ಎಂಥದ್ದು ತೆಗೆದುಕೊಳ್ಳೋಣ?"

ಯಂತ್ರದ ಮಾತು ಆಮೇಲೆ. ಮೊದಲು ನಮ್ಮ ಮನೆಯ ಕಥೆ ಕೇಳಿ. ಹೇಳಿಕೊಳ್ಳಲು ಸ್ವಲ್ಪ ನಾಚಿಕೆಯೇ, ಆದರೂ ಹೇಳುತ್ತೇನೆ.

ನಾವಿರುವುದು ಹನುಮಂತನಗರದಲ್ಲಿ, ರಾಮಾಂಜನೇಯ ಗುಡ್ಡದ ಹತ್ತಿರ. ಮಹಡಿಯಲ್ಲಿ ನಾವು, ಕೆಳಗೆ ಬಾಡಿಗೆಯವರು. ಒಂದೇ ಸಂಪು, ಒಂದೇ ಓವರ್‌ಹೆಡ್ ಟ್ಯಾಂಕು, ಒಂದೇ ಮೀಟರು. ನೀರಿನ ಬಿಲ್ಲು ಅರ್ಧರ್ಧ. 2024ರ ಬೇಸಿಗೆ ನಿಮಗೂ ನೆನಪಿರಬೇಕು. ಬೆಂಗಳೂರಿನಲ್ಲಿ ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರಿಗೆ ಜನ ಮುಗಿಬಿದ್ದ ಕಾಲ ಅದು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಮಾರ್ಚ್ ತಿಂಗಳಲ್ಲಿ ಆದೇಶ ಮಾಡಿತ್ತು. ಅಂಥ ಹೊತ್ತಿನಲ್ಲಿ ನಮ್ಮ ಬಿಲ್ಲು ಎರಡು ತಿಂಗಳು ಒಂದೇ ಸಮನೆ ಏರಿತು. ಹೆಚ್ಚು ಬಳಸಿದಷ್ಟೂ ದರ ಹೆಚ್ಚುವ ಲೆಕ್ಕ ತಾನೇ ಅದು, ಸ್ವಲ್ಪ ನೀರು ಜಾಸ್ತಿ ಹೋದರೂ ಬಿಲ್ಲು ಬೇಗ ಬೆಳೆಯುತ್ತೆ.

ಕೆಳಗಿನ ಮನೆಯ ಹುಡುಗಿಗೆ ಐದು ತಿಂಗಳ ಕೂಸು. ದಿನಾ ಹಗ್ಗದ ತುಂಬ ಬಟ್ಟೆ ಒಣಗಿರುತ್ತಿತ್ತು. ನನಗೆ ಬೇರೆ ಯೋಚನೆಯೇ ಬರಲಿಲ್ಲ ನೋಡಿ! ಒಂದು ದಿನ ಮೆಟ್ಟಿಲ ಹತ್ತಿರ ಸಿಕ್ಕಾಗ, "ಮಗುವಿನ ಬಟ್ಟೆಗೆ ಇಷ್ಟೊಂದು ನೀರು ಬೇಕೇನಮ್ಮಾ?" ಅಂದುಬಿಟ್ಟೆ. ಅವಳು ಏನೂ ಅನ್ನಲಿಲ್ಲ. ಮಾರನೇ ದಿನದಿಂದ ಅರ್ಧ ಬಕೆಟ್ಟಿನಲ್ಲೇ ಎಲ್ಲ ಜಾಲಿಸೋಕೆ ಶುರುಮಾಡಿದಳು. ಮಗುವಿನ ತೊಡೆ ಸಂದಿ ಕೆಂಪಾಗಿ ಡಾಕ್ಟರ ಹತ್ತಿರ ಹೋಗಿ ಬಂದರು ಅಂತ ಆಮೇಲೆ ಗೊತ್ತಾಯಿತು.

ಬಿಲ್ಲು ಮಾತ್ರ ಇಳಿಯಲಿಲ್ಲ. ಅಷ್ಟರಲ್ಲಿ ಅವರ ಅಡುಗೆಮನೆ ಗೋಡೆಯಲ್ಲಿ ಸುಣ್ಣ ಉಬ್ಬಿ ಉದುರತೊಡಗಿತು.

ನಮ್ಮ ಮನೆಯವರು ಫೋನಿನಲ್ಲಿ ಹುಡುಕಿ ಒಂದು ಯಂತ್ರ ತೋರಿಸಿದರು. ರಸ್ತೆಯಿಂದ ನೀರು ಒಳಗೆ ಬರುವ ಪೈಪಿಗೆ ಅದನ್ನು ಕೂರಿಸಬೇಕು. ಎಲ್ಲಾದರೂ ಸೋರಿದರೆ ಫೋನಿಗೆ ಸುದ್ದಿ ಕೊಟ್ಟು ತಾನೇ ವಾಲ್ವ್ ಮುಚ್ಚುತ್ತೆ. ಬೆಲೆ ಕೇಳಿ ಎದೆ ಝಲ್ಲೆಂದಿತು. ಅತ್ತೆಯವರು ಕುಳಿತಲ್ಲಿಂದಲೇ ಕೇಳಿದರು: "ನಮ್ಮಲ್ಲಿ ನೀರು ಬರೋದೇ ದಿನ ಬಿಟ್ಟು ದಿನ, ಎರಡು ಗಂಟೆ. ಮಿಕ್ಕ ಹೊತ್ತು ಅದು ಏನು ಕಾಯುತ್ತಪ್ಪಾ?"

ಸೋದರಿಯರೇ, ಈ ಒಂದು ಪ್ರಶ್ನೆಯನ್ನು ಯಂತ್ರ ಕೊಳ್ಳುವ ಎಲ್ಲರೂ ಕೇಳಿಕೊಳ್ಳಬೇಕು. ಆ ಯಂತ್ರಗಳು ನಲ್ಲಿಯಲ್ಲಿ ಇಪ್ಪತ್ತನಾಲ್ಕು ಗಂಟೆಯೂ ಒತ್ತಡದ ನೀರಿರುವ ದೇಶಗಳ ಮನೆಗೆ ಹೊಂದುತ್ತವೆ. ಅಲ್ಲಿ ರಸ್ತೆಯ ನೀರು ನೇರ ನಲ್ಲಿಗೇ ಬರುತ್ತೆ. ನಮ್ಮಲ್ಲಿ ರಸ್ತೆಯಿಂದ ಸಂಪಿಗೆ, ಸಂಪಿನಿಂದ ಮೋಟಾರಿನಲ್ಲಿ ಟ್ಯಾಂಕಿಗೆ, ಟ್ಯಾಂಕಿನಿಂದ ನಲ್ಲಿಗೆ. ಮೂರು ಘಟ್ಟ! ಒಳಬರುವ ಪೈಪಿನ ಮೇಲೆ ಕಾವಲು ಕೂರಿಸಿದರೆ ಬಚ್ಚಲಿನ ಗೋಡೆಯೊಳಗೆ ಸೋರುವುದು ಅದಕ್ಕೆ ತಿಳಿಯುವುದೇ ಇಲ್ಲ. ಸಂಪು ತುಂಬುವುದನ್ನೇ ಸೋರಿಕೆಯೆಂದು ತಿಳಿದು ಬಾಯಿ ಬಡಿದುಕೊಂಡರೂ ಆಶ್ಚರ್ಯವಿಲ್ಲ.

ಹಾಗಾಗಿ ಮೊದಲು ಸೋರುವುದು ಯಾವ ಘಟ್ಟದಲ್ಲಿ ಅಂತ ನಾವೇ ಕಂಡುಹಿಡಿಯಬೇಕು. ಖರ್ಚಿಲ್ಲ, ಒಂದು ವಾರದ ತಾಳ್ಮೆ ಸಾಕು.

ಮೀಟರಿನಿಂದ ಸಂಪಿನವರೆಗೆ ನೋಡುವುದು ಸುಲಭ. ನೀರು ಬಂದಾಗ ಸಂಪಿನೊಳಗೆ ಪೈಪು ಬೀಳುವ ಕಡೆಯ ವಾಲ್ವನ್ನು ಪೂರ್ತಿ ಮುಚ್ಚಿ, ಮೀಟರಿನ ಗಾಜಿನೊಳಗಿರುವ ಪುಟ್ಟ ಚಕ್ರವನ್ನು ಹತ್ತು ನಿಮಿಷ ನೋಡಿ. ತಿರುಗುತ್ತಿದ್ದರೆ ನಡುವೆ ಎಲ್ಲೋ ನೆಲಕ್ಕೆ ಹೋಗುತ್ತಿದೆ. ಈ ಭಾಗದ ಸೋರಿಕೆ ಬರೀ ದುಡ್ಡಿನ ವಿಷಯ ಅಂತ ಮಾತ್ರ ತಿಳಿಯಬೇಡಿ. ನೀರು ನಿಂತಾಗ ಪೈಪಿನಲ್ಲಿ ಒತ್ತಡ ಇರುವುದಿಲ್ಲ. ನೀರು ಹೊರಗೆ ಹೋಗುತ್ತಿದ್ದ ಅದೇ ತೂತಿನಿಂದ ಚರಂಡಿಯ ಕೊಳಕು ಒಳಗೆ ಬರುತ್ತೆ. ಬಿರುಕು ಬಿಟ್ಟ ಸಂಪಿಗೂ ಇದೇ ಮಾತು. ಸಂಪಿನ ಮಟ್ಟ ಇಳಿದಾಗ, ಮಳೆಗಾಲದಲ್ಲಿ, ಹೊರಗಿನ ನೀರು ಒಳಕ್ಕಿಳಿಯುತ್ತೆ. ಮನೆಯಲ್ಲಿ ಎಳೇ ಮಕ್ಕಳಿಗೆ ಪದೇ ಪದೇ ಭೇದಿಯಾಗುತ್ತಿದ್ದರೆ ವೈದ್ಯರ ಜೊತೆಗೆ ಸಂಪನ್ನೂ ನೋಡಿಸಿ.

ಸಂಪು ನೋಡುವುದಕ್ಕೆ ಅತ್ತೆಯವರ ಉಪಾಯವೇ ಸರಿ. ಅವರ ಊರಿನಲ್ಲಿ ಬೇಸಿಗೆಯ ಬಾವಿಯನ್ನು ಮೆಟ್ಟಿಲೆಣಿಸಿ ಅಳೆಯುತ್ತಿದ್ದರಂತೆ. ಒಂದು ಒಣ ಬಿದಿರುಕೋಲನ್ನು ತೊಳೆದು, ರಾತ್ರಿ ಸಂಪಿಗೆ ಇಳಿಬಿಟ್ಟು, ಒದ್ದೆಯಾದಲ್ಲಿಗೆ ಗುರುತು ಮಾಡಿ. ಬೆಳಿಗ್ಗೆ ಮೋಟಾರು ಹಾಕುವ ಮೊದಲು ಮತ್ತೆ ಇಳಿಬಿಡಿ. ಆರು ಅಡಿ ಉದ್ದ, ಐದು ಅಡಿ ಅಗಲದ ಸಂಪಿನಲ್ಲಿ ಒಂದು ಅಂಗುಲ ಇಳಿದರೆ ಸುಮಾರು 70 ಲೀಟರು ಹೋಯಿತೆಂದು ಲೆಕ್ಕ. ನಮ್ಮ ಸಂಪು ಅಲುಗಲಿಲ್ಲ.

ಸಂಪಿನಿಂದ ಟ್ಯಾಂಕಿಗೆ ಹೋಗುವ ಪೈಪಿನ ವಿಷಯ ಬೇಗ ಮುಗಿಸುತ್ತೇನೆ. ಅದು ಮೋಟಾರು ಓಡುವಾಗ ಮಾತ್ರ ಸೋರುತ್ತೆ, ಸಾಮಾನ್ಯವಾಗಿ ಕಣ್ಣಿಗೂ ಕಾಣುತ್ತೆ. ಇಲ್ಲಿ ನಿಜವಾದ ಕಳ್ಳ ಅಂದರೆ ಮೋಟಾರು ಹಾಕಿ ಸೀರಿಯಲ್ ಮುಂದೆ ಕೂರುವ ನಾವೇ!

ಉಳಿದದ್ದು ಟ್ಯಾಂಕಿನಿಂದ ನಲ್ಲಿಯವರೆಗೆ. ನಮ್ಮಂಥ ಮನೆಗಳಲ್ಲಿ ಹಗಲೂ ರಾತ್ರಿ ನೀರು ತುಂಬಿಕೊಂಡಿರುವ ಪೈಪು ಇದೊಂದೇ, ಗೋಡೆಯೊಳಗೆ ಹೂತಿರುವುದೂ ಇದೇ. ಅಡ್ಡಗಲ ಮೂರೂವರೆ ಅಡಿಯಿರುವ ದುಂಡು ಟ್ಯಾಂಕಿನಲ್ಲಿ ಒಂದು ಅಂಗುಲಕ್ಕೆ ಸುಮಾರು 22 ಲೀಟರು. ಕೆಳಗಿನ ಹುಡುಗಿಗೆ, "ರಾತ್ರಿ ಹತ್ತರಿಂದ ಬೆಳಿಗ್ಗೆ ಐದರವರೆಗೆ ನಲ್ಲಿ ತಿರುಗಿಸಬೇಡ ಕಣಮ್ಮ, ಬಕೆಟ್ಟಿನಲ್ಲಿ ಹಿಡಿದಿಟ್ಟುಕೋ" ಅಂದೆ. "ಆಯ್ತು ಆಂಟಿ" ಅಂದಳು, ತಲೆ ಎತ್ತಲಿಲ್ಲ.

ಮೊದಲ ರಾತ್ರಿ ಎಲ್ಲ ವಾಲ್ವುಗಳನ್ನೂ ತೆರೆದೇ ಇಟ್ಟೆವು. ಬೆಳಿಗ್ಗೆ ಎರಡು ಅಂಗುಲ ಇಳಿದಿತ್ತು. ನಮ್ಮ ಟ್ಯಾಂಕಿನಿಂದ ಮೂರು ಪೈಪು ಹೊರಡುತ್ತವೆ, ಒಂದೊಂದಕ್ಕೂ ಬೇರೆ ಗೇಟ್ ವಾಲ್ವ್ ಇದೆ. ಎರಡನೇ ರಾತ್ರಿ ಕೆಳಗಿನ ಮನೆಯ ವಾಲ್ವ್ ಮುಚ್ಚಿದೆ. ಯಾಕೆಂದರೆ ನನ್ನ ಅನುಮಾನ ಇನ್ನೂ ಅಲ್ಲೇ ಇತ್ತು! ಬೆಳಿಗ್ಗೆ ನೋಡಿದರೆ ಮತ್ತೆ ಅದೇ ಎರಡು ಅಂಗುಲ. ಅಲ್ಲಿಗೇ ನನ್ನ ಮುಖ ಚಿಕ್ಕದಾಯಿತು. ಮೂರನೇ ರಾತ್ರಿ ನಮ್ಮ ಬಚ್ಚಲಿನ ವಾಲ್ವ್ ಮುಚ್ಚಿದೆ. ಗುರುತು ಕೂದಲೆಳೆಯಷ್ಟೂ ಕದಲಿರಲಿಲ್ಲ.

ಏಳು ಗಂಟೆಗೆ 45 ಲೀಟರು ಅಂದರೆ ದಿನಕ್ಕೆ 150 ಲೀಟರಿನ ಮೇಲೆ. ಪಟ್ಟಣದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರು ಬೇಕೆಂದು ಸರ್ಕಾರದ ಲೆಕ್ಕ. ನಮ್ಮ ಗೋಡೆಯೊಳಗೆ ಒಬ್ಬ ನೆಂಟ ಬಂದು ಕುಳಿತು, ಸ್ನಾನ ಮಾಡಿ, ಬಟ್ಟೆ ಒಗೆದುಕೊಂಡು ಆರಾಮವಾಗಿದ್ದ. ತಿಂಗಳಿಗೆ ನಾಲ್ಕೂವರೆ ಸಾವಿರ ಲೀಟರು! ಆ ಬೇಸಿಗೆಯಲ್ಲಿ 6,000 ಲೀಟರಿನ ಟ್ಯಾಂಕರಿಗೆ, ಐದು ಕಿಲೋಮೀಟರಿನೊಳಗೆ 600 ರೂಪಾಯಿ, ತೆರಿಗೆ ಬೇರೆ ಎಂದು ಜಿಲ್ಲಾಡಳಿತ ದರ ಗೊತ್ತುಮಾಡಿತ್ತು. ದುಡ್ಡಿನ ಮಾತು ಬಿಡಿ. ಈ ನೀರು ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರು ದೂರ ಬರುತ್ತೆ. ಹಾರೋಹಳ್ಳಿ, ತಾತಗುಣಿಯಲ್ಲಿ ಮತ್ತೆ ಮತ್ತೆ ಪಂಪು ಮಾಡಿ ಅರ್ಧ ಕಿಲೋಮೀಟರಿನಷ್ಟು ಮೇಲಕ್ಕೆ ಎತ್ತುತ್ತಾರೆ. 1974ರಲ್ಲಿ ಕಾವೇರಿ ಮೊದಲ ಹಂತ ಬಂದಾಗಿನಿಂದ 2024ರ ಅಕ್ಟೋಬರಿನ ಐದನೇ ಹಂತದವರೆಗೆ ಇದೇ ಏರುದಾರಿ. ಅಷ್ಟು ದೂರ ಹತ್ತಿ ಬಂದ ಕಾವೇರಿ ನಮ್ಮ ಬಚ್ಚಲ ಗೋಡೆ ನೆನೆಸುತ್ತಿದ್ದಳು.

ಪ್ಲಂಬರನ್ನು ಕರೆಯುವ ಮೊದಲು ಫ್ಲಶ್ ಟ್ಯಾಂಕನ್ನೂ ಪರೀಕ್ಷಿಸಿ. ಕೇಸರಿಬಾತಿಗೆ ಹಾಕುವ ಬಣ್ಣವನ್ನು ಒಂದು ಚಿಟಿಕೆ ಅದರೊಳಗೆ ಹಾಕಿ, ಅರ್ಧ ಗಂಟೆ ಯಾರೂ ಹೋಗದಂತೆ ಬಾಗಿಲು ಮುಚ್ಚಿ. ಕೆಳಗೆ ಬಣ್ಣ ಇಳಿದಿದ್ದರೆ ಒಳಗಿನ ರಬ್ಬರು ಹೋಗಿದೆ ಎಂದರ್ಥ. ಬಹಳ ಮನೆಗಳಲ್ಲಿ ಕಳ್ಳ ಸಿಗುವುದು ಇಲ್ಲೇ. ನಮ್ಮಲ್ಲಿ ಸಿಗಲಿಲ್ಲ.

ಮೊದಲು ಬಂದ ಪ್ಲಂಬರು ಗೋಡೆ ತಟ್ಟಿ ನೋಡಿ, "ಪೂರಾ ಟೈಲ್ಸ್ ಒಡೀಬೇಕಮ್ಮಾ" ಎಂದರು. ಕಾಫಿ ಕೊಟ್ಟು ಕಳಿಸಿದೆ. ಎರಡನೆಯವರು ಒಂದು ಕೈಪಂಪು ಮತ್ತು ಮುಳ್ಳಿನ ಗಡಿಯಾರದಂಥ ಮಾಪಕ ತಂದರು. ನಲ್ಲಿಗಳ ಬಾಯಿ ಬಿಗಿದು, ಪೈಪಿಗೆ ಒತ್ತಡ ಕೊಟ್ಟು, ಮುಳ್ಳು ಇಳಿಯುತ್ತದೆಯೇ ಎಂದು ನೋಡುವುದು. ತಣ್ಣೀರಿನ ಪೈಪು, ಬಿಸಿನೀರಿನ ಪೈಪು ಬೇರೆಬೇರೆಯಾಗಿ ನೋಡಿದರು. ತಣ್ಣೀರಿನದರಲ್ಲಿ ಮುಳ್ಳು ಇಳಿಯಿತು. ಹಳೇ ಕಬ್ಬಿಣದ ಜಿ.ಐ. ಪೈಪಾದರೆ ಒತ್ತಡ ಮಿತಿಮೀರದಂತೆ ಹೇಳಿ. ಇಲ್ಲವಾದರೆ ಒಂದು ತೂತು ಹುಡುಕಲು ಹೋಗಿ ಎರಡಾದೀತು.

ಪೈಪಿನ ಸದ್ದು ಆಲಿಸುವ ಯಂತ್ರ, ಗೋಡೆಯ ತಂಪನ್ನು ಬಣ್ಣದಲ್ಲಿ ತೋರಿಸುವ ಕ್ಯಾಮೆರಾ ತರುವವರೂ ಈಗ ಇದ್ದಾರೆ. ಸದ್ದಿನ ಯಂತ್ರಕ್ಕೆ ಲೋಹದ ಪೈಪು ಮತ್ತು ಒಳ್ಳೆಯ ಒತ್ತಡ ಬೇಕು. ಪ್ಲಾಸ್ಟಿಕ್ ಪೈಪಿನಲ್ಲಿ, ಹತ್ತಡಿ ಮೇಲಿನ ಟ್ಯಾಂಕಿನ ಮೆತ್ತನೆ ನೀರಿನಲ್ಲಿ ಅದಕ್ಕೆ ಕೇಳಿಸುವುದು ಕಷ್ಟ. ಕ್ಯಾಮೆರಾ ಒದ್ದೆ ಇರುವ ಜಾಗ ತೋರಿಸುತ್ತೆಯೇ ಹೊರತು ತೂತಿನ ಜಾಗವನ್ನಲ್ಲ. ನೀರು ಮೇಲೆ ಸೋರಿ ಕೆಳಗೆ ಕಾಣಿಸಿಕೊಳ್ಳುತ್ತೆ ನೋಡಿ. ನಮ್ಮ ನೆಂಟನೂ ಹಾಗೇ! ಕೆಳಗಿನ ಅಡುಗೆಮನೆಯಲ್ಲಿ ಮುಖ ತೋರಿಸಿದವನು ಇದ್ದದ್ದು ನಮ್ಮ ಬಚ್ಚಲ ನಲ್ಲಿಯ ಹಿಂದಿನ ತುಕ್ಕು ಹಿಡಿದ ಎಲ್ಬೋದಲ್ಲಿ. ಎರಡೇ ಟೈಲ್ಸ್ ಒಡೆದದ್ದು.

ಅಂದು ಸಂಜೆ ಕೆಳಗೆ ಹೋಗಿ, "ತಪ್ಪು ನನ್ನದೇ ಕಣಮ್ಮ, ಸೋರ್ತಿದ್ದದ್ದು ನಮ್ಮ ಬಚ್ಚಲಲ್ಲೇ" ಅಂದೆ. ಎರಡು ತಿಂಗಳ ಬಿಲ್ಲಿನಲ್ಲಿ ಹೆಚ್ಚು ಕೊಟ್ಟದ್ದನ್ನು ಕೊಡಲು ಹೋದರೆ ಅವಳು ಬೇಡವೆಂದಳು. ಮಗುವಿನ ಕೈಯಲ್ಲಿಟ್ಟು ಬಂದೆ. ಗೋಡೆ ಒಣಗಲು ಎರಡು ತಿಂಗಳು ಹಿಡಿಯಿತು. ಅವಳು ನನ್ನ ಮುಖ ನೋಡಿ ಮಾತಾಡುವುದಕ್ಕೂ ಸುಮಾರು ಅಷ್ಟೇ ಹಿಡಿಯಿತೆನ್ನಿ.

ಈಗ ಯಂತ್ರಕ್ಕೆ ಬರೋಣ. ಎಲ್ಲಕ್ಕಿಂತ ಅಗ್ಗದ್ದು ಎರಡು ಲೋಹದ ಕಾಲಿರುವ ಪುಟ್ಟ ಬಿಲ್ಲೆ. ನೆಲದ ನೀರು ಎರಡೂ ಕಾಲನ್ನು ಮುಟ್ಟಿದರೆ ಪೀಂಯ್ ಎನ್ನುತ್ತೆ. ಸಿಂಕಿನ ಕೆಳಗೆ, ವಾಷಿಂಗ್ ಮೆಷಿನ್ನಿನ ಹಿಂದೆ, ನೀರಿನ ಫಿಲ್ಟರಿನ ಕೆಳಗೆ ಇಡಲು ಒಳ್ಳೆಯದು. ನೆಲ ತೊಳೆಯುವ ಕಡೆ ಇಟ್ಟರೆ ಬೆಳಿಗ್ಗೆ ಬೆಳಿಗ್ಗೆ ರಗಳೆ. ಗೋಡೆಯೊಳಗಿನದು ಇದಕ್ಕೆ ತಿಳಿಯದು. ಚಿಂತಾಮಣಿ ಕಡೆಯಂಥ ಗಡಸು ಬೋರ್ ನೀರಾದರೆ ಅದರ ಕಾಲಿಗೆ ಬಿಳಿ ಪೊರೆ ಕಟ್ಟುತ್ತೆ, ಆಗಾಗ ಒರೆಸಬೇಕು. ಬ್ಯಾಟರಿಯನ್ನು ಯುಗಾದಿಗೊಮ್ಮೆ ಬದಲಿಸಿದರೆ ಮರೆಯುವುದಿಲ್ಲ.

ಇನ್ನೊಂದು ಟ್ಯಾಂಕಿನ ಮಟ್ಟ ತೋರಿಸುವುದು. ನಾವು ಹಾಕಿಸಿದ್ದು ಇದನ್ನೇ. ತುಂಬಿದಾಗ ಮೋಟಾರು ನಿಲ್ಲಿಸುತ್ತೆ, ರಾತ್ರಿ ಮಟ್ಟ ಇಳಿದರೆ ಅಡುಗೆಮನೆಯ ದೀಪದಲ್ಲಿ ಕಾಣುತ್ತೆ. ನನ್ನ ಕೋಲಿನ ಕೆಲಸವನ್ನೇ ಅದು ಮಾಡುತ್ತೆ, ಅಷ್ಟೆ. ಸಂಪಿಗೆ ತಂತಿ ಎಳೆದದ್ದನ್ನೇ ತೆಗೆದುಕೊಳ್ಳಿ. ತಂತಿಯಿಲ್ಲದ್ದಾದರೆ ಕಾಂಕ್ರೀಟು, ಕಬ್ಬಿಣದ ಮುಚ್ಚಳದಡಿಯಿಂದ ಸುದ್ದಿ ಹೊರಗೆ ಬರುವುದು ಕಷ್ಟ.

ನೀರಿನ ಹರಿವು ಅಳೆದು ತಾನೇ ವಾಲ್ವ್ ಮುಚ್ಚುವ ದೊಡ್ಡ ಯಂತ್ರವನ್ನು ಹಾಕಿಸಲೇಬೇಕೆಂದರೆ ಟ್ಯಾಂಕಿನಿಂದ ಹೊರಡುವ ಪೈಪಿಗೆ ಹಾಕಿಸಿ. ಆ ಪೈಪಿನದೇ ಅಳತೆಯದಿರಲಿ. ಒಳಗೆ ತಿರುಗುವ ಚಕ್ರವಿರುವುದಾದರೆ ಟ್ಯಾಂಕಿನ ಕಡಿಮೆ ಒತ್ತಡದಲ್ಲಿ ಶವರ್ ಇನ್ನಷ್ಟು ಸಣ್ಣಗಾಗುತ್ತೆ, ತೊಟ್ಟಿಕ್ಕುವಷ್ಟು ಸಣ್ಣ ಸೋರಿಕೆಯೂ ಅದಕ್ಕೆ ಗೊತ್ತಾಗುವುದಿಲ್ಲ. ಅದರ ಹಿಂದೆ ಕಸ ಹಿಡಿಯುವ ಜಾಲರಿ, ಪಕ್ಕದಲ್ಲಿ ಕೈಯಿಂದ ತಿರುಗಿಸುವ ಬೈಪಾಸ್ ವಾಲ್ವ್ ಬೇಕೇ ಬೇಕು. ಕರೆಂಟು ಹೋದಾಗ ಮುಚ್ಚಿಕೊಂಡು ಕುಳಿತರೆ ಬೆಳಗಿನ ಅಡುಗೆಯ ಗತಿ? ಮನೆ ತಿಂಗಳುಗಟ್ಟಲೆ ಬೀಗ ಹಾಕಿರುತ್ತೆ ಅನ್ನುವವರಿಗೆ, ಒತ್ತಡದ ಪಂಪು ಸದಾ ಓಡುವ ಅಪಾರ್ಟ್‌ಮೆಂಟಿನವರಿಗೆ ಇದು ಸಾರ್ಥಕ. ನಮ್ಮಂಥವರು ಊರಿಗೆ ಹೊರಟಾಗ ಟ್ಯಾಂಕಿನ ಗೇಟ್ ವಾಲ್ವ್ ತಿರುಗಿಸಿ ಹೊರಟರೆ ಅಷ್ಟೇ ಕೆಲಸವಾಗುತ್ತೆ. ವರ್ಷಗಟ್ಟಲೆ ಮುಟ್ಟದ ವಾಲ್ವ್ ಬಿಗಿದುಕೊಳ್ಳುತ್ತೆ, ತಿಂಗಳಿಗೊಮ್ಮೆ ತಿರುಗಿಸುತ್ತಿರಿ.

ರಸ್ತೆಯಲ್ಲಿ ನೀರು ಸೋರುವುದು ಕಂಡರೆ ಬೆಂಗಳೂರಿನವರು ಜಲಮಂಡಳಿಯ 1916ಕ್ಕೆ ಫೋನು ಮಾಡಬಹುದು.

ಚಿಂತಾಮಣಿಯ ಸೋದರಿಗೆ ಕೊನೆಯದಾಗಿ: ನಿಮ್ಮದು ಈಗ ಗೋಡೆ ತೆರೆದಿರುವ ಮನೆ, ಅದೃಷ್ಟ ನಿಮ್ಮದು. ಬಚ್ಚಲಿಗೆ, ಅಡುಗೆಮನೆಗೆ, ಬಾಡಿಗೆ ಭಾಗಕ್ಕೆ ಟ್ಯಾಂಕಿನಿಂದಲೇ ಬೇರೆಬೇರೆ ಪೈಪು, ಬೇರೆಬೇರೆ ವಾಲ್ವ್ ಹಾಕಿಸಿ. ಗಾರೆ ಮುಚ್ಚುವ ಮೊದಲು ಮುಳ್ಳಿನ ಮಾಪಕ ಹಾಕಿಸಿ ಒತ್ತಡ ನಿಲ್ಲುವುದನ್ನು ನೀವೇ ಎದುರು ನಿಂತು ನೋಡಿ. ಆಮೇಲೆ ಗೋಡೆಗೆ ಅಳತೆ ಟೇಪು ಹಿಡಿದು ಒಂದೊಂದು ಪೈಪಿನದೂ ಫೋಟೋ ತೆಗೆಸಿ. ಅದನ್ನು ಅಚ್ಚು ಹಾಕಿಸಿ ಮನೆಪತ್ರದ ಜೊತೆ ಬೀರುವಿನಲ್ಲಿಡಿ. ಫೋನಿನಲ್ಲೇ ಇಟ್ಟದ್ದು ಫೋನಿನ ಜೊತೆಗೇ ಹೋಗುತ್ತೆ.